ಕಣಜದ ಬಾಗಿಲಲ್ಲಿ ಹೇಳಿದ ಹೆಸರು

“ಸರ್, ಇಷ್ಟೊಂದು ಸರ್ವರ್‌ಗಳ ತಂತಿಗಳನ್ನು ಒಂದು ಗೇಟ್‌ವೇ ಸ್ವಿಚ್ಚಿನಲ್ಲಿ ಕೂಡಿಸಿ, ಅಲ್ಲಿಂದ ಎರಡೇ ತಂತಿಗಳಲ್ಲಿ ಅವುಗಳ ಮಾಹಿತಿ ಇಟ್ಟಿರುವ ಸ್ಟೋರೇಜ್ ಜಾಲಕ್ಕೆ ಕಳಿಸುತ್ತೇವೆ. ಸರ್ವರ್‌ಗಳಿಗೆಲ್ಲ ಜಾಲದಲ್ಲಿ ಹೆಸರಿದೆ. ಎಲ್ಲರ ಭಾರ ಹೊರುವ ಆ ಸ್ವಿಚ್ಚಿಗೆ ಮಾತ್ರ ಹೆಸರಿಲ್ಲ. ಇದು ಯಾವ ನ್ಯಾಯ?” ಎಂದು ಶಿಷ್ಯೆ ಕೇಳಿದಳು.

ಗುರು ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟು ಹೇಳತೊಡಗಿದರು.

ಒಂದು ಊರಿನವರೆಲ್ಲ ಬಿತ್ತನೆಯ ಬೀಜಕ್ಕೆ ಬೂದಿ ಬೆರೆಸಿ, ಗಡಿಗೆಗಳಲ್ಲಿ ತುಂಬಿ, ಒಂದೇ ಕಣಜದಲ್ಲಿ ಇಡುತ್ತಿದ್ದರು. ಮನೆಗೊಂದು ಗಡಿಗೆ, ಗಡಿಗೆಗೊಂದು ಹೆಸರು. ಬಾಗಿಲಲ್ಲಿ ನಿಂತು ‘ಇಂಥವರು ಬಂದಿದ್ದಾರೆ’ ಎನ್ನಬೇಕು. ಆ ಹೆಸರಿನ ಗಡಿಗೆಯನ್ನು ಕಣಜದ ಮುದುಕ ತಂದುಕೊಡುತ್ತಿದ್ದ.

ಮಳೆ ಬಿದ್ದ ಮರುದಿನ ಊರಿಗೆ ಊರೇ ಆ ಬಾಗಿಲಿಗೆ ಮುಗಿಬೀಳುತ್ತಿತ್ತು. ನೂಕುನುಗ್ಗಲಿನಲ್ಲಿ ಗಡಿಗೆಗಳು ಒಡೆದವು. ಇನ್ನು ಮುಂದೆ ಓಣಿಗೊಬ್ಬರೇ ಬರಲಿ ಎಂದು ಹಿರಿಯರು ತೀರ್ಮಾನಿಸಿದರು. ಕೆಳಗಿನ ಓಣಿಯವರು ಒಬ್ಬ ಗಾಡಿಯವನನ್ನು ಆರಿಸಿದರು.

ಗಾಡಿಯವನ ಎದೆ ಉಬ್ಬಿತು. ಕಣಜದ ಮುಂದೆ ನಿಂತು ಗಟ್ಟಿಯಾಗಿ ತನ್ನ ಹೆಸರು ಹೇಳಿದ. ಮುದುಕ ಒಂದೇ ಗಡಿಗೆ ತಂದಿಟ್ಟ.

“ಅಜ್ಜಾ, ನಾನು ಇಡೀ ಓಣಿಗೆ ದೊಡ್ಡವನಾಗಿ ಬಂದಿದ್ದೇನೆ!”

“ನೀನು ದೊಡ್ಡವನಾದರೆ ನಿನ್ನ ಗಡಿಗೆಯೂ ದೊಡ್ಡದಾಗುತ್ತದೇನೋ?” ಎಂದ ಮುದುಕ.

ಗಾಡಿ ಅವನದೊಂದೇ ಗಡಿಗೆ ಹೊತ್ತು ಹಿಂದಿರುಗಿತು. ಓಣಿಯವರು ಎತ್ತು ಹೂಡಿಕೊಂಡು ಕಾಯುತ್ತಿದ್ದರು. ಬಿಸಿಲೇರಿದರೆ ಮಣ್ಣಿನ ಹದ ಹೋಗುತ್ತದೆ. ಅವರ ಮುಖ ನೋಡಲಾರದೆ ಅವನು ತಲೆ ತಗ್ಗಿಸಿದ. ಆಗ ಒಬ್ಬ ಮುದುಕಿ ಹತ್ತಿರ ಬಂದಳು.

“ಇರಲಿ ಬಿಡು ತಮ್ಮಾ, ಇನ್ನೊಮ್ಮೆ ಹೋಗಿ ಬಾ. ನನ್ನ ಅವರೆ ಬೀಜದ ಗಡಿಗೆ ಮಗಳ ಹೆಸರಿನಲ್ಲಿದೆ. ನೀಲವ್ವ ತಾನೇ ಒಂದೊಂದು ಕಾಳು ಆರಿಸಿ ತುಂಬಿದ್ದಳು. ಬಿತ್ತುವುದಕ್ಕೆ ಅವಳೇ ಉಳಿಯಲಿಲ್ಲ. ಅವಳ ಹೆಸರನ್ನೇ ಹೇಳುತ್ತೀಯಲ್ಲ?”

ಅವನು ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ಓಣಿಯ ಹೆಸರುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಹೋದ. ಬಾಗಿಲಲ್ಲಿ ನಿಂತು, “ಕೆಂಚಪ್ಪ ಬಂದಿದ್ದಾನೆ,” ಎಂದ. ಕೆಂಚಪ್ಪನ ಗಡಿಗೆ ಬಂತು. “ಸಿದ್ದವ್ವ ಬಂದಿದ್ದಾಳೆ,” ಎಂದ. ಸಿದ್ದವ್ವನದೂ ಬಂತು. ಹೀಗೆ ಗಾಡಿ ತುಂಬುತ್ತಾ ಹೋಯಿತು. ಕೊನೆಗೆ, “ನೀಲವ್ವ ಬಂದಿದ್ದಾಳೆ,” ಎಂದ.

ಮುದುಕ ತಲೆಯೆತ್ತಿ ನೋಡಿದ. ಅವಳಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಒಳಗೆ ಹೋಗಿ, ಗಡಿಗೆಯ ಧೂಳನ್ನು ತನ್ನ ಪಂಚೆಯಿಂದ ಒರೆಸಿ ತಂದ.

“ಬಾ ಮಗಳೇ, ತಡ ಮಾಡಿದೆಯಲ್ಲ,” ಎನ್ನುತ್ತಾ ಅದನ್ನು ಗಾಡಿಯವನ ಕೈಗಿಟ್ಟ.

ಗುರು ಮಾತು ನಿಲ್ಲಿಸಿದರು.

“ಆ ಗಾಡಿಯವನ ಹೆಸರೇನು, ಸರ್?” ಎಂದು ಶಿಷ್ಯೆ ಕೇಳಿದಳು.

“ಎರಡನೇ ಸಲವೂ ಅವನು ಅದನ್ನೇ ಹೇಳಿದ್ದರೆ ನೀಲವ್ವ ಬರುತ್ತಿರಲಿಲ್ಲ.”