ಎಂಜಿನ್ ಮನೆಯ ತಕ್ಕಡಿ

ಹೊಳೆಯ ದಂಡೆಯಲ್ಲೊಂದು ಮಠ. ಅಲ್ಲಿ ಬಂದವರಿಗೆಲ್ಲ ಊಟ. ಅಡಿಗೆಗೆ ಬೇಕಾದ ನೀರನ್ನು ಹೊಳೆಯಿಂದ ಮೇಲೆತ್ತುವುದು ಒಂದು ಡೀಸೆಲ್ ಎಂಜಿನ್. ಅದನ್ನು ನೋಡಿಕೊಳ್ಳುವವನು ಬುಡ್ಡೇಸಾಬ.

ಭಕ್ತರೊಬ್ಬರು ಬಂದು, ಡೀಸೆಲ್ ಸಾಕು, ಸೋಲಾರ್ ಪಂಪು ಹಾಕಿಸಿಕೊಡುತ್ತೇವೆ ಎಂದರು. ಗುರುಗಳಾದ ಅಡವಯ್ಯಜ್ಜನವರು ಹೌದು ಅಲ್ಲ ಎನ್ನುವುದನ್ನು ಶಿಷ್ಯ ಮರುಳಯ್ಯನಿಗೆ ಬಿಟ್ಟರು.

ಅವತ್ತಿನಿಂದ ಮರುಳಯ್ಯನಿಗೆ ಅನ್ನ ಸೇರಲಿಲ್ಲ.

ಆ ಮಠದಲ್ಲೊಂದು ಪದ್ಧತಿ. ಮಾತಿನಲ್ಲಿ ಬಗೆಹರಿಯದ್ದನ್ನು ತಕ್ಕಡಿಯಲ್ಲಿ ತೂಗುತ್ತಾರೆ. ಒಂದೊಂದು ಚಿಂತೆಗೆ ಒಂದೊಂದು ಹೊಳೆಗಲ್ಲು. ಚಿಂತೆ ದೊಡ್ಡದಾದರೆ ಕಲ್ಲೂ ದೊಡ್ಡದು. ಯಾವ ತಟ್ಟೆ ಭಾರವೋ ಆ ದಾರಿ ಬೇಡ.

ಮರುಳಯ್ಯ ಪಡಸಾಲೆಯ ತಂಪಿನಲ್ಲಿ ತಕ್ಕಡಿ ಕಟ್ಟಿಕೊಂಡು ಕುಳಿತ.

ಎಂಜಿನ್ನಿನ ಹೊಗೆಗೆ ಒಂದು ಸಣ್ಣ ಕಲ್ಲು. ನೀರಿನ ಮೇಲೆ ತೇಲುವ ಎಣ್ಣೆಗೆ ಒಂದು. ಇದು ಹಳೆಯದರ ತಟ್ಟೆ.

ಮೋಡ ಕವಿದ ದಿನ ನೀರು ಬಾರದೆ ಹಸಿದವರು ಎದ್ದುಹೋದರೆ? ದೊಡ್ಡ ಕಲ್ಲು. ಬಿಸಿಲಿಗೆ ಅಡ್ಡವಾದ ಬೇವಿನ ಮರ ಕಡಿಯಬೇಕಾದರೆ? ಬುಡ್ಡೇಸಾಬನ ಕೆಲಸ ಹೋದರೆ? ಇದು ಹೊಸದರ ತಟ್ಟೆ.

ಒಂದು ದಿನ ಈ ಕಡೆ ಭಾರ, ಮರುದಿನ ಆ ಕಡೆ. ಕಲ್ಲು ತೆಗೆಯುವುದು, ಕಲ್ಲು ಇಡುವುದು. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ಪಾಪ, ಅವನ ಅಂಜಿಕೆ ಸುಳ್ಳಲ್ಲ. ಖಾಲಿ ಎಲೆಗಳ ಮುಂದೆ ಜನ ಸಾಲಾಗಿ ಕುಳಿತಂತೆ ಅವನಿಗೆ ಕನಸು ಬೀಳುತ್ತಿತ್ತು.

"ಏನಾತೋ ಮರುಳಯ್ಯ?" ಅಜ್ಜನವರು ಕೇಳಿದರು.

"ಇನ್ನಾ ತೂಗಾಕತ್ತೀನ್ರಿ ಅಜ್ಜಾರ. ಅವಸರ ಮಾಡಿ ತಪ್ಪಿದ್ರ ಗತಿ ಏನ್ರಿ?"

"ಬುಡ್ಡೇಸಾಬನ್ನ ಕೇಳಿದೇನು?"

"ಇಲ್ರಿ. ಅವಂಗ್ಯಾಕ ಚಿಂತಿ ಹಚ್ಚೂದು ಅಂತ ಬಿಟ್ಟೆ."

ಅಜ್ಜನವರು ತಕ್ಕಡಿಯನ್ನು ಕಳಚಿ ಹೆಗಲಿಗೇರಿಸಿಕೊಂಡರು. ದಂಡೆಗಿಳಿದು, ಎಂಜಿನ್ ಮನೆಯ ತೊಲೆಗೆ ಅದನ್ನು ಕಟ್ಟಿದರು.

"ಇಲ್ಲೇ ಕುಂತು ತೂಗು. ಬೇಕಾದಷ್ಟು ಹೊತ್ತು ತಗೊ."

ಉಡಿಯಲ್ಲಿ ತಂದಿದ್ದ ಕಲ್ಲುಗಳನ್ನು ಮರುಳಯ್ಯ ಮತ್ತೆ ತಟ್ಟೆಗಳಿಗೆ ಹಾಕಿದ. ಬುಡ್ಡೇಸಾಬ ಎಂಜಿನ್ ಹಚ್ಚಿದ. ಆ ಗೂಡಿಗೆ ಬಾಗಿಲು ಬಿಟ್ಟರೆ ಕಿಟಕಿಯಿಲ್ಲ. ಹೊಗೆ ತುಂಬಿತು. ಮರುಳಯ್ಯನಿಗೆ ತಕ್ಕಡಿಯ ಮುಳ್ಳೇ ಕಾಣಲಿಲ್ಲ. ಮೂಲೆಯಲ್ಲಿ ಬುಡ್ಡೇಸಾಬ ಪಕ್ಕೆ ಹಿಡಿದುಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು ಕೆಮ್ಮುತ್ತಿದ್ದ.

"ಕಾಕಾ, ಈ ಕೆಮ್ಮು ಯಾವಾಗಿಂದ?"

"ಮೊದಲಿಂದಾನೂ ಐತ್ರಿ ಅಯ್ನಾರ. ಈ ವರ್ಷ ಮಲಗಾಕ ಬಿಡವಲ್ದು."

"ಸೋಲಾರ್ ಬಂದ್ರ ನಿನ್ನ ಕೆಲಸ..."

"ಅದಕ್ಕೂ ಅಂಜಿಕಿ ಐತ್ರಿ. ಕೆಮ್ಮಿಗೂ ಅಂಜಿಕಿ ಐತ್ರಿ. ಹೌದೋ ಅಲ್ಲೋ ಯಾರೂ ಹೇಳವಲ್ರು. ದಿನಾ ಮುಂಜಾನೆ ಅದನ್ನ ನೆನಸ್ಕೋತ ಹ್ಯಾಂಡಲ್ ತಿರುವತೀನ್ರಿ."

ಮರುಳಯ್ಯ ತಟ್ಟೆಯೊಳಗೆ ಕೈಯಾಡಿಸಿದ. ಹೊಗೆಗೆಂದು ಇಟ್ಟಿದ್ದ ಕಲ್ಲು ಹುಣಸೆಬೀಜಕ್ಕಿಂತ ತುಸು ದೊಡ್ಡದು, ಅಷ್ಟೇ. ಅವನಿಗೆ ನಾಚಿಕೆಯಾಯಿತು.

ಕಣ್ಣಲ್ಲಿ ನೀರು ಸುರಿಸಿಕೊಂಡು ಹೊರಗೆ ಬಂದ.

"ಅಜ್ಜಾರ, ಸೋಲಾರ್ ಹಾಕ್ಸೂಣ್ರಿ. ಅದನ್ನ ನೋಡಿಕೊಳ್ಳೂದು ಕಾಕಾನ ಕಲೀಲಿ. ಮೋಡದ ದಿನಕ್ಕ ಎಂಜಿನ್ ಇರ್ಲಿ."

"ಬೇವಿನ ಮರ?"

"ಹೋಗತೈತ್ರಿ. ಅದಕ್ಕ ಬ್ಯಾರೆ ಹಾದಿ ಸಿಗಲಿಲ್ಲ."

ಹೇಳಿದನೇನೋ ಹೌದು, ಆದರೆ ಮತ್ತೆ ತಕ್ಕಡಿಯ ಕಡೆ ತಿರುಗಿ ನೋಡಿದ.

"ಅಜ್ಜಾರ, ಒಂದ್ ವೇಳೆ ನನ್ನ ತೂಕ ತಪ್ಪಿದ್ರ, ಆ ಭಾರ ಯಾರ ಮ್ಯಾಲ ಬೀಳತೈತ್ರಿ?"

ಒಳಗೆ ಬುಡ್ಡೇಸಾಬನಿಗೆ ಮತ್ತೆ ಕೆಮ್ಮು ಹತ್ತಿತ್ತು. ಅದು ನಿಲ್ಲುವವರೆಗೆ ಅಜ್ಜನವರು ಕಾದರು.

"ನೀ ತೂಗೂತನಕ ಯಾರ ಮ್ಯಾಲಿತ್ತು?"