ನರಿ ಶೀನ ಮತ್ತು ದೋಣಿಯ ಪಂಪು

ನದಿ ಸಮುದ್ರಕ್ಕೆ ಸೇರುವ ಕಡೆಯ ಒಂದು ಕಾಡಿನಲ್ಲಿ ಪ್ರಾಣಿಗಳದೇ ಒಂದು ಹಾಯಿದೋಣಿ ಇತ್ತು. ಅದರ ಚುಕ್ಕಾಣಿ ಹಿಡಿಯುತ್ತಿದ್ದವನು ಮುಳ್ಳುಹಂದಿ ಮಂಜಯ್ಯ. ಹೊಳೆಯ ನಡುವೆ ಎತ್ತರದ ಒಂದು ಕುದ್ರು ಇತ್ತು. ಆ ಪುಟ್ಟ ದ್ವೀಪಕ್ಕೆ ಹೋಗಬೇಕಾದವರೆಲ್ಲ ಮಂಜಯ್ಯನ ದೋಣಿಯನ್ನೇ ಹತ್ತಬೇಕಿತ್ತು.

ಮರದ ದೋಣಿ ಎಂದ ಮೇಲೆ ಒಳಗೆ ನೀರು ಬಂದೇ ಬರುತ್ತದೆ. ಹಲಗೆಯ ಸಂದಿಯಿಂದ ಜಿನುಗುತ್ತದೆ, ಅಲೆ ಸಿಡಿದರೆ ಬೀಳುತ್ತದೆ, ಮಳೆ ಬಂದರಂತೂ ಕೇಳುವುದೇ ಬೇಡ. ಅದೆಲ್ಲ ಇಳಿದು ತಳದಲ್ಲಿ ಸೇರುತ್ತದೆ. ಆಗಾಗ ಎತ್ತಿ ಹೊರಗೆ ಹಾಕದಿದ್ದರೆ ದೋಣಿ ಮುಳುಗುತ್ತದೆ. ಇದರಲ್ಲಿ ತಿಳಿಯದ್ದೇನಿದೆ ಹೇಳಿ. ಆದರೂ ಆ ಕಾಡಿನವರಿಗೆ ಇಷ್ಟನ್ನು ಅರ್ಥ ಮಾಡಿಸುವಷ್ಟರಲ್ಲಿ ಮಂಜಯ್ಯನಿಗೆ ಸಾಕುಸಾಕಾಗಿತ್ತು.

ಮನುಷ್ಯರು ದಡದಲ್ಲಿ ಬಿಟ್ಟುಹೋಗಿದ್ದ ಒಂದು ಹಳೆಯ ಕೈಪಂಪು ಅವನಿಗೆ ಸಿಕ್ಕಿತು. ಅದನ್ನು ದೋಣಿಯ ಹೊಟ್ಟೆಯೊಳಗೆ ಕೂರಿಸಲು ಹೊರಟ. ನೀರು ಹೊರಗೆ ಹೋಗುವ ಪೈಪಿಗೆ ತೂತು ಬೇಕಲ್ಲ, ಮರಕುಟಿಗನನ್ನು ಕರೆಸಿದ. ಮರಕುಟಿಗ ಬಂದವನೇ ದೋಣಿಯ ಬುಡಕ್ಕೆ ಕೊಕ್ಕು ಇಟ್ಟ.

"ಅಲ್ಲಿ ಅಲ್ಲ ಮಾರಾಯ," ಎಂದ ಮಂಜಯ್ಯ. "ಅಲ್ಲಿ ಕೊರೆದರೆ ಹೊಳೆಯೇ ಒಳಗೆ ಬರ್ತದೆ. ಮೇಲೆ ಕೊರಿ, ನೀರು ಮುಟ್ಟದ ಕಡೆ."

ಮರಕುಟಿಗ ಮೇಲೆ ಕೊರೆದ. ಕೊರೆದು ಮುಗಿಸಿ ಸ್ವಲ್ಪ ದೂರ ನಿಂತು ನೋಡಿದ. "ಇನ್ನೊಂದು ಕೊರೀಲಾ? ಜೋಡಿ ಇದ್ದರೆ ಚಂದ ಕಾಣ್ತದೆ," ಎಂದ. ಮಂಜಯ್ಯ ಕೈಮುಗಿದು ಅವನನ್ನು ಮರಕ್ಕೆ ಕಳಿಸಿದ.

ಪಂಪು ಕೂತಿತು. ಅದರಿಂದ ಇನ್ನೊಂದು ಪೈಪು ದೋಣಿಯ ತಳಕ್ಕೆ ಇಳಿದಿತ್ತು. ಆ ಪೈಪಿನ ತುದಿಗೆ, ಕಸ ಒಳಗೆ ನುಗ್ಗಬಾರದೆಂದು, ಒಂದು ಜಾಲರಿ. ಜಾಲರಿಗೆ ಕಸ ಮೆತ್ತಿಕೊಂಡರೆ ಪಂಪು ಎಷ್ಟು ಹೊಡೆದರೂ ನೀರು ಏರದು. ಹಾಗಾಗಿ ಅದನ್ನು ದಿನಾ ತೊಳೆಯಬೇಕು. ಆದರೆ ಕೆಳಗೆ ಇಳಿಯುವ ಕಿಂಡಿ ಬಹಳ ಚಿಕ್ಕದು. ಮಂಜಯ್ಯನ ಮುಳ್ಳು ಅದರಲ್ಲಿ ಹಿಡಿಸಲಿಲ್ಲ. ಒಮ್ಮೆ ಪ್ರಯತ್ನಿಸಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡ. ಅವನನ್ನು ಎಳೆದು ತೆಗೆದವರು ವಾರಗಟ್ಟಲೆ ಕೈ ನೋವೆಂದು ನರಳಿದರು.

ಆಗ ಮುಂದೆ ಬಂದವನು ನರಿ ಶೀನ. "ನಾನಿಲ್ವಾ ಮಂಜಯ್ಯ? ಜಾಲರಿ ತೊಳೆಯುವುದು, ಪಂಪು ಹೊಡೆಯುವುದು, ಎಲ್ಲ ನನ್ನ ತಲೆಗಿರಲಿ. ಊಟಕ್ಕೆ ಒಂದಿಷ್ಟು ಏಡಿ ಹಾಕಿದರೆ ಸಾಕು."

ಮಂಜಯ್ಯ ಒಪ್ಪಿದ. ಶೀನ ಮೊದಲ ದಿನ ಕಿಂಡಿಯಲ್ಲಿ ಇಳಿದು ತಳದ ಕೊಳಕು ನೀರಿಗೆ ಕೈ ಹಾಕಿದ. ಜಾರುವ ಪಾಚಿ, ಕೊಳೆತ ಎಲೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಥಟ್ಟನೆ ಕೈ ಹಿಂದಕ್ಕೆ ತೆಗೆದ. ಅಲ್ಲಿಗೆ ಅವನು ಜಾಲರಿ ತೊಳೆದದ್ದು ಮುಗಿಯಿತು.

ಆದರೆ ಪಂಪು ನಡೆಯುತ್ತಿದೆಯೇ ಎಂದು ಎಲ್ಲರೂ ನೋಡುತ್ತಿದ್ದರು. ಹೊರಡುವ ಮೊದಲು ದಡದಲ್ಲಿ ಸಾಲಾಗಿ ನಿಂತು ಪೈಪಿನ ಬಾಯಿಯನ್ನೇ ದಿಟ್ಟಿಸುವುದು ಅವರ ರೂಢಿ. ಅಲ್ಲಿಂದ ನೀರು ಚಿಮ್ಮಿದರೆ "ಬಂತು, ಬಂತು" ಎಂದು ದೋಣಿ ಹತ್ತುತ್ತಿದ್ದರು. ಶೀನ ಅದಕ್ಕೆ ಉಪಾಯ ಮಾಡಿದ. ಒಂದು ದೊಡ್ಡ ಮಡಕೆ ತುಂಬ ಹೊಳೆಯ ನೀರು ತಂದು ಕೆಳಗೆ ಬಚ್ಚಿಟ್ಟ. ಪಂಪಿನ ಪೈಪನ್ನು ಜಾಲರಿಯಿಂದ ಬಿಚ್ಚಿ ಮಡಕೆಯೊಳಗೆ ಅದ್ದಿದ. ಹಿಡಿ ಒತ್ತಿದರೆ ಹೊರಗೆ ತಿಳಿನೀರು ಸರ್ರೆಂದು ಚಿಮ್ಮಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಜಾಲರಿ ತೊಳೆಯಲು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಡ. ಈ ಮಹಾಶಯ ಪ್ರತಿದಿನ ಬೆಳಗ್ಗೆ ಮಡಕೆ ಹೊತ್ತು ಹೊಳೆಗೆ ಹೋಗುವುದು, ತುಂಬಿದ ಮಡಕೆಯನ್ನು ಏದುಸಿರು ಬಿಡುತ್ತ ತರುವುದು, ಯಾರಿಗೂ ಕಾಣದಂತೆ ಕಿಂಡಿಯಲ್ಲಿ ಇಳಿಸುವುದು. ಸೊಂಟ ಹಿಡಿದುಕೊಂಡರೂ ಬಿಡಲಿಲ್ಲ. ಇಂಥವರಿಗೆ ಏನು ಹೇಳುತ್ತೀರಿ? ಸಾಲದ್ದಕ್ಕೆ ಅಲ್ಲೇ ಕೂತು ಏಡಿ ತಿಂದು ಚಿಪ್ಪನ್ನೆಲ್ಲ ತಳಕ್ಕೆ ಎಸೆಯುತ್ತಿದ್ದ.

ದಿನ ಕಳೆದಂತೆ ದೋಣಿ ಭಾರವಾಯಿತು. ಚುಕ್ಕಾಣಿ ತಿರುಗಿಸಿದರೆ ಎಷ್ಟೋ ಹೊತ್ತಿನ ಮೇಲೆ ತಿರುಗುತ್ತಿತ್ತು.

"ಎಂತ ಶೀನ, ದೋಣಿ ಮೇಲೇಳುವುದೇ ಇಲ್ಲವಲ್ಲ," ಎಂದ ಮಂಜಯ್ಯ.

"ಜನ ದಪ್ಪ ಆಗಿದ್ದಾರೆ ಮಂಜಯ್ಯ," ಎಂದ ಶೀನ. "ಆ ಮೊಲಕ್ಕೆ ಸ್ವಲ್ಪ ಕಡಿಮೆ ತಿನ್ನಲು ಹೇಳಿ."

ಮಂಜಯ್ಯ ನಿಜವಾಗಿಯೂ ಹೋಗಿ ಹೇಳಿದ. ಮೊಲ ಆಮೇಲೆ ಅವನ ಜೊತೆ ಮಾತು ಬಿಟ್ಟಿತು.

ಮಳೆಗಾಲ ಶುರುವಾಯಿತು. ಹೊಳೆ ಏರತೊಡಗಿತು. ಕಾಡುಕೋಳಿ ಬಾಗಕ್ಕ ದಡದ ಪೊದೆಯಲ್ಲಿ ಮೊಟ್ಟೆ ಇಟ್ಟಿದ್ದಳು. ನೀರು ಪೊದೆಯ ಬುಡಕ್ಕೆ ಬಂದಾಗ ಅವಳು ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹುಲ್ಲು ಹಾಸಿ ಇಟ್ಟುಕೊಂಡು ದೋಣಿಗೆ ಬಂದಳು. "ಕುದ್ರುವಿಗೆ ಬಿಡು ಮಂಜಯ್ಯ. ಇವು ಒದ್ದೆಯಾದರೆ ತಣ್ಣಗಾಗ್ತವೆ. ತಣ್ಣಗಾದರೆ ಮರಿ ಇಲ್ಲ," ಎಂದಳು.

ಪೈಪಿನಿಂದ ನೀರು ಚಿಮ್ಮಿತು. ದೋಣಿ ಹೊರಟಿತು.

ಹೊಳೆಯ ನಡುವೆ ಗಾಳಿ ಜೋರಾಯಿತು. ಹಾಯಿ ಉಬ್ಬಿ ದೋಣಿ ಒಂದು ಕಡೆಗೆ ವಾಲಿತು. ತಳದಲ್ಲಿದ್ದ ನೀರೆಲ್ಲ ಅದೇ ಕಡೆಗೆ ನುಗ್ಗಿದ್ದರಿಂದ ವಾಲಿದ ದೋಣಿ ನೆಟ್ಟಗಾಗಲಿಲ್ಲ.

"ಶೀನ, ಪಂಪು ಹೊಡಿ," ಎಂದು ಮಂಜಯ್ಯ ಕೂಗಿದ.

ಶೀನ ಮಡಕೆಯಿಂದಲೇ ಹೊಡೆದ. ಪೈಪಿನ ಬಾಯಲ್ಲಿ ಚೆನ್ನಾಗಿ ನೀರು ಬಂತು.

"ಮಂಜಯ್ಯ, ನನ್ನ ಬುಟ್ಟಿಯ ಅಡಿ ಒದ್ದೆ ಆಗ್ತಾ ಉಂಟು," ಎಂದಳು ಬಾಗಕ್ಕ.

"ಅಲೆ ಸಿಡಿದದ್ದಿರಬೇಕು. ಪೈಪು ನೋಡು, ನೀರು ಹೊರಗೆ ಹೋಗ್ತಾ ಉಂಟಲ್ಲ."

"ಪೈಪು ನೋಡಿ ನಾನೇನು ಮಾಡಲಿ? ನೀರು ನನ್ನ ಕಾಲಡಿ ಉಂಟು."

"ಪಂಪು ನಡೀತಾ ಉಂಟಲ್ಲ ಬಾಗಕ್ಕ," ಎಂದು ಮಂಜಯ್ಯ ಮತ್ತೆ ಹೇಳಿದ. ಕಣ್ಣೆದುರು ಹಲಗೆ ತೇಲಿದರೂ ಅವನು ಪೈಪನ್ನೇ ತೋರಿಸುತ್ತಿದ್ದನೋ ಏನೋ.

ಬಾಗಕ್ಕ ಅವನನ್ನು ಬಿಟ್ಟು ಕಿಂಡಿಯಲ್ಲಿ ತಲೆ ಹಾಕಿದಳು. ಕೆಳಗೆ ಶೀನ ಹೊಟ್ಟೆಯವರೆಗಿನ ಕಪ್ಪು ನೀರಿನಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಮಡಕೆಯನ್ನು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಪಂಪು ಹೊಡೆಯುತ್ತಿದ್ದ.

"ಇಷ್ಟು ನೀರಿನಲ್ಲಿ ನಿಂತುಕೊಂಡು ಮಡಕೆಯ ನೀರು ಎತ್ತುತ್ತಿದ್ದೀಯಾ?" ಎಂದು ಕೇಳಿದಳು. ಅವಳಿಗೆ ಸಿಟ್ಟಿಗಿಂತ ಮೊದಲು ನಂಬಲಾಗದಷ್ಟು ಆಶ್ಚರ್ಯವಾಯಿತು.

ಅಷ್ಟರಲ್ಲಿ ದೋಣಿ ಇನ್ನೂ ವಾಲಿತು. ಮಡಕೆ ಶೀನನ ಕೈಯಿಂದ ಜಾರಿ ಹಲಗೆಗೆ ಬಡಿದು ಒಡೆಯಿತು. ಮೇಲೆ ಪೈಪಿನ ನೀರು ನಿಂತಿತು. ಬುಟ್ಟಿಯೂ ಜಾರಿತು. ಬಾಗಕ್ಕ ಹಾರಿ ಬುಟ್ಟಿ ಹಿಡಿದಳು, ಆದರೆ ಅಂಚಿನಲ್ಲಿದ್ದ ಒಂದು ಮೊಟ್ಟೆ ಉರುಳಿ ಹೊಳೆಗೆ ಬಿತ್ತು. ಅದು ಬಿದ್ದ ಜಾಗವನ್ನು ಅವಳು ನೋಡಿದಳು. ಆಮೇಲೆ ಉಳಿದವುಗಳ ಕಡೆಗೆ ತಿರುಗಿದಳು.

ಮಂಜಯ್ಯನಿಗೆ ಈಗ ಬುದ್ಧಿ ಬಂತು. ಹಾಯಿ ಇಳಿಸಿ ಮಡಚಿ ಎತ್ತರದಲ್ಲಿ ಹಾಸಿದ. ಬಾಗಕ್ಕ ಮೊಟ್ಟೆಗಳನ್ನು ಅದರ ಮೇಲಿಟ್ಟು ಕಾವು ಕೂತಳು. ಕೆಳಗೆ ಶೀನ ಗಾಬರಿಯಿಂದ ಜಾಲರಿಯಿಲ್ಲದ ಪೈಪನ್ನೇ ತಳದ ನೀರಿಗೆ ತುರುಕಿದ. ತಾನೇ ಎಸೆದ ಏಡಿಚಿಪ್ಪು ಹೋಗಿ ಪೈಪಿನೊಳಗೆ ಕಚ್ಚಿಕೊಂಡಿತು. ಹಿಡಿ ಅಲುಗಲಿಲ್ಲ. ಅವನು ಎಲ್ಲ ಬಿಟ್ಟು ಕಿಂಡಿಯ ಕಡೆ ಓಡಿದ. ಈಜಿಕೊಂಡು ದಡ ಸೇರುವುದು ಅವನ ಲೆಕ್ಕ.

ಮಂಜಯ್ಯ ಬೆನ್ನು ತಿರುಗಿಸಿ ಕಿಂಡಿಯ ಮೇಲೆ ಕೂತ. ಮುಳ್ಳುಗಳು ನೆಟ್ಟಗೆ ಕೆಳಮುಖವಾಗಿ ನಿಂತವು.

"ಜಾಗ ಬಿಡಿ ಮಂಜಯ್ಯ, ನಾನು ಸಾಯ್ತೇನೆ," ಎಂದು ಶೀನ ಗೋಗರೆದ.

"ಜಾಲರಿ ತೊಳಿ, ಸಾಯುವುದಿಲ್ಲ."

"ನೀರು ಕುತ್ತಿಗೆಗೆ ಬಂತು."

"ಹೌದು. ಮೊದಲು ಪಾದಕ್ಕಿತ್ತು. ಆಗಲೇ ತೊಳೀಬೇಕಿತ್ತು," ಎಂದಳು ಬಾಗಕ್ಕ, ಮೊಟ್ಟೆಯ ಮೇಲಿಂದ ಏಳದೆ.

ಬೇರೆ ದಾರಿ ಇರಲಿಲ್ಲ. ಶೀನ ಕಣ್ಣು ಮುಚ್ಚಿ ಮುಳುಗಿದ. ಪೈಪಿನೊಳಗಿನ ಚಿಪ್ಪನ್ನು ಹಲ್ಲಿನಿಂದ ಕಚ್ಚಿ ಎಳೆದ. ಜಾಲರಿಗೆ ಮೆತ್ತಿದ್ದ ಪಾಚಿ, ನಾರು, ಅವನದೇ ಬಾಲದ ಕೂದಲು, ಎಲ್ಲವನ್ನೂ ಉಗುರಿನಿಂದ ಕೆರೆದ. ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಮುಳುಗಿದ. ಚಿಪ್ಪು ತಾಗಿ ಬಾಯಿ ಕೊಯ್ದುಹೋಯಿತು, ಮೂಗಿಗೆ ಕೊಳಕು ನೀರು ಹೋಯಿತು. ಕೊನೆಗೆ ಪೈಪನ್ನು ಜಾಲರಿಗೆ ಸಿಕ್ಕಿಸಿ ಹಿಡಿ ಒತ್ತಿದ. ಹೊರಗೆ ಗಟ್ಟಿ ಕಪ್ಪು ನೀರು ಬಂತು. ಅಷ್ಟು ಕೆಟ್ಟ ವಾಸನೆಯ ನೀರನ್ನು ನೋಡಿ ಅಷ್ಟು ಸಮಾಧಾನ ಪಟ್ಟವರು ಯಾರೂ ಇರಲಿಕ್ಕಿಲ್ಲ.

ಮಂಜಯ್ಯ ಹುಟ್ಟು ಹಾಕಿದ, ಸಂಜೆಯ ಹೊತ್ತಿಗೆ ದೋಣಿ ಕುದ್ರು ಮುಟ್ಟಿತು. ಉಳಿದ ಮೊಟ್ಟೆಗಳು ಬೆಚ್ಚಗಿದ್ದವು. ಮಂಜಯ್ಯ ತಲೆ ತಗ್ಗಿಸಿ ಹೇಳಿದ, "ತಪ್ಪು ನನ್ನದೂ ಉಂಟು ಬಾಗಕ್ಕ. ನೀನು ಹೇಳಿದ್ದು ಕೇಳದೆ ಪೈಪು ತೋರಿಸುತ್ತ ಕೂತೆ. ಇವನನ್ನು ಈಗಲೇ ಓಡಿಸ್ತೇನೆ."

"ಓಡಿಸಬೇಡ," ಎಂದಳು ಬಾಗಕ್ಕ. "ಆ ಕಿಂಡಿಯಲ್ಲಿ ಹಿಡಿಸಿ, ಪಂಪು ಹೊಡೆಯುವಷ್ಟು ಬಲವೂ ಇರುವವರು ಬೇರೆ ಯಾರಿದ್ದಾರೆ? ಅವನೇ ಮಾಡಲಿ. ಆದರೆ ಇನ್ನು ಮೇಲೆ ಪೈಪು ನೋಡಿ ಯಾರೂ ದೋಣಿ ಹತ್ತಬೇಡಿ. ತಳ ತೊಳೆದವನ ಕೈ ನಾರಬೇಕು. ಅದನ್ನು ಮೂಸಿ ಹತ್ತಿ."

ಅಂದಿನಿಂದ ಹಾಗೇ ನಡೆಯಿತು. ಹೊರಡುವ ಮೊದಲು ಶೀನ ದಡದಲ್ಲಿ ಎರಡೂ ಕೈ ಚಾಚಿ ನಿಲ್ಲಬೇಕು. ಮೊಲ ಬಂದು ಮೂಸುತ್ತದೆ. ಮುಖ ಕಿವುಚಿ ಹಿಂದೆ ಸರಿದರೆ ಎಲ್ಲರೂ ಹತ್ತುತ್ತಾರೆ. ಒಂದು ದಿನ ಶೀನ ಕೈಗೆ ಒಂದಿಷ್ಟು ಕೆಸರು ಬಳಿದುಕೊಂಡು ಬಂದ. ಮೊಲ ಮೂಸಿತು, ಇನ್ನೊಮ್ಮೆ ಮೂಸಿತು. "ಇದು ಗದ್ದೆಯ ಕೆಸರು. ಇಳಿ ಕೆಳಗೆ," ಎಂದಿತು.

ಶೀನ ಇಳಿದ.

ನೀತಿ: ಮಾಡದ ಕೆಲಸವನ್ನು ಮಾಡಿದಂತೆ ತೋರಿಸುವವನು, ಕೊನೆಗೆ ಅದೇ ಕೆಲಸವನ್ನು ಕುತ್ತಿಗೆವರೆಗಿನ ನೀರಿನಲ್ಲಿ ನಿಂತು ಮಾಡಬೇಕಾಗುತ್ತದೆ.