ಚಿಗರಿ ನಿಂತು ಹಿಂತಿರುಗಿ ನೋಡುವುದೇಕೆ

ಭೂಮಿ ಹೊಸದಾಗಿದ್ದ ಕಾಲವದು. ಬೆಟ್ಟಗಳ ಮಣ್ಣು ಇನ್ನೂ ಆರಿರಲಿಲ್ಲ. ನದಿಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ.

ಆಗ ಭೂಮಿತಾಯಿ ಒಂದು ಬಯಲನ್ನು ಹಾಸಿ, ಗಾಳಿಯ ಕೈಯಲ್ಲಿ ಎರಡು ಕೊಡುಗೆಗಳನ್ನು ಅಲ್ಲಿಗೆ ಕಳುಹಿಸಿದಳು. ಒಂದರ ಹೆಸರು ಹಸಿರು, ಇನ್ನೊಂದರ ಹೆಸರು ಹಸಿವು.

“ಇವರಿಬ್ಬರೂ ಅಕ್ಕತಂಗಿಯರು. ಇರುವುದು ಒಂದೇ ಅಕ್ಷರದ ಅಂತರ. ಅಗಲಿಸಬೇಡ,” ಎಂದಳು.

ಗಾಳಿ ಹಸಿರನ್ನು ಹುಲ್ಲಿಗೆ ಕೊಟ್ಟಿತು. ಹಸಿವನ್ನು ತೋಳಗಳಿಗೆ ಕೊಟ್ಟಿತು. ಹುಲ್ಲನ್ನು ಚಿಗರಿಗಳು ಮೇಯ್ದವು. ಚಿಗರಿಗಳನ್ನು ತೋಳಗಳು ಅಟ್ಟಿದವು. ಚಿಗರಿ ಎಂದರೆ ಗೊತ್ತಲ್ಲವೇ, ಮಗು? ಪುಸ್ತಕದಲ್ಲಿ ಕೃಷ್ಣಮೃಗ ಎಂದಿರುತ್ತದೆ. ಬಯಲಿನವರು ಚಿಗರಿ ಎನ್ನುತ್ತಾರೆ.

ಅಟ್ಟಿಸಿಕೊಳ್ಳುವುದು ಯಾರಿಗೆ ಇಷ್ಟ? ಒಂದು ದಿನ ಚಿಗರಿಗಳ ಹಿರಿಯ, ಸುರುಳಿಕೊಂಬಿನ ಅಜ್ಜ, ಗಾಳಿಯನ್ನು ಕರೆದ.

“ಗಾಳಿಯಪ್ಪ, ಹಸಿರು ನಮ್ಮಲ್ಲೇ ಇರಲಿ. ಆ ಹಸಿವನ್ನು ಮಾತ್ರ ಹೊಳೆಯಾಚೆ ಬಿಟ್ಟು ಬಾ.”

“ಅಗಲಿಸಬೇಡ ಎಂದಿದ್ದಾಳೆ ತಾಯಿ.”

“ಒಂದಕ್ಷರಕ್ಕೆ ಇಷ್ಟು ಸಂಕಟವೇ? ನೀನು ಊದಿದರೆ ಬೆಟ್ಟವೇ ಅಲುಗುತ್ತದಂತೆ. ಊದು, ನೋಡೋಣ!”

ಹೊಗಳಿಕೆಗೆ ಸೋಲದ ಗಾಳಿಯುಂಟೇ? ಅದು ಊದಿತು. ಕಣ್ಣಿಗೆ ಮಣ್ಣು ತುಂಬಿ ತೋಳಗಳು ಹೊಳೆ ದಾಟಿ ಹೋದವು.

ಮೊದಲ ವರ್ಷ ಹಬ್ಬ. ಒಂದಿದ್ದಲ್ಲಿ ಎರಡಾದವು, ಎರಡಿದ್ದಲ್ಲಿ ನಾಲ್ಕಾದವು. ಅಟ್ಟುವವರಿಲ್ಲದ್ದರಿಂದ ಚಿಗರಿಗಳು ನಿಂತಲ್ಲೇ ನಿಂತು ಮೇಯ್ದವು. ಎರಡನೆಯ ವರ್ಷ ಹುಲ್ಲಿನ ತುದಿ ಹೋಯಿತು. ಮೂರನೆಯ ವರ್ಷ ಬುಡ ಹೋಯಿತು. ನಾಲ್ಕನೆಯ ವರ್ಷ ಬೇರೂ ಹೋಯಿತು.

ಆ ವರ್ಷ ಗೋದವ್ವನಿಗೆ ಮರಿ ಹುಟ್ಟಿತು. ಮಾಗಿದ ಗೋಧಿಯ ಬಣ್ಣದ ಹೆಣ್ಣು ಚಿಗರಿ ಅವಳು, ಆದ್ದರಿಂದ ಗೋದವ್ವ. ಮರಿ ಕೆಚ್ಚಲಿಗೆ ಬಾಯಿಟ್ಟಿತು. ಹಾಲಿರಲಿಲ್ಲ. ಮತ್ತೊಮ್ಮೆ ಬಾಯಿಟ್ಟಿತು. ಹಾಲಿರಲಿಲ್ಲ.

ಗೋದವ್ವ ಗಾಳಿಯನ್ನು ತಡೆದು ನಿಲ್ಲಿಸಿದಳು. “ಹಸಿವನ್ನು ಹೊಳೆಯಾಚೆ ಬಿಟ್ಟೆ ಎಂದೆಯಲ್ಲ! ಹಾಗಾದರೆ ನನ್ನ ಮರಿಯ ಹೊಟ್ಟೆಯಲ್ಲಿ ಕೂತಿರುವುದು ಯಾರು?”

ಗಾಳಿಯ ದನಿ ತಗ್ಗಿತು. “ನಾನು ಬಿಟ್ಟು ಬಂದದ್ದು ತೋಳಗಳನ್ನು, ತಾಯಿ. ಬಯಲಿನ ಹಸಿವನ್ನೆಲ್ಲ ಅವೇ ಹೊರುತ್ತಿದ್ದವು. ಹೊರುವವರು ಹೋದರು, ಹೊರೆ ನಿಮ್ಮ ನಿಮ್ಮ ತಲೆಗೇ ಬಂತು.”

ಗೋದವ್ವ ಮರಿಯನ್ನು ಸುರುಳಿಕೊಂಬಿನ ಅಜ್ಜನ ಮುಂದೆ ಮಲಗಿಸಿದಳು. “ಅಜ್ಜ, ನಿನ್ನ ಬುದ್ಧಿವಂತಿಕೆ ಸಾಕು. ನಾನು ಬರುವವರೆಗೆ ಇದಕ್ಕೆ ನೆರಳಾಗಿ ನಿಲ್ಲು.”

ಅಜ್ಜ ಬಿಸಿಲಿಗೆ ಅಡ್ಡವಾಗಿ ನಿಂತ.

ಹೊಳೆಯಾಚೆ ಬೇರೆ ಕಥೆ. ಅಲ್ಲಿ ಮೊಲಗಳು ಹೇರಳವಾಗಿದ್ದವು. ತಿಂದಂತೆಲ್ಲ ತೋಳಗಳು ಹೆಚ್ಚಿದವು, ಹೆಚ್ಚಿದಂತೆಲ್ಲ ತಿಂದವು. ಮೊಲ ಮುಗಿಯಿತು. ತೋಳಗಳೂ ಮುಗಿಯುತ್ತ ಬಂದವು. ಉಳಿದಿದ್ದವಳು ತೋಳವ್ವ, ಅವಳದೊಂದು ಮರಿ. ಎರಡರ ಪಕ್ಕೆಲುಬುಗಳನ್ನೂ ದೂರದಿಂದಲೇ ಎಣಿಸಬಹುದಿತ್ತು. ಗೋದವ್ವ ಹೊಳೆ ದಾಟಿ ಬಂದು ಅವರೆದುರು ನಿಂತಳು.

“ನನಗೆ ಅಟ್ಟುವ ಶಕ್ತಿಯಿಲ್ಲ, ನಿನಗೆ ಓಡುವ ಶಕ್ತಿಯಿಲ್ಲ,” ಎಂದಳು ತೋಳವ್ವ ಮಲಗಿದ್ದಲ್ಲಿಂದಲೇ. “ಚೆನ್ನಾಗಿದೆ ನಮ್ಮ ಬೇಟೆ! ಯಾಕೆ ಬಂದೆ?”

“ನಿನ್ನನ್ನು ಕರೆಯಲು. ಬಯಲಿಗೆ ಬಾ.”

ತೋಳವ್ವ ಕೆಮ್ಮು ಬರುವವರೆಗೆ ನಕ್ಕಳು. “ತೋಳವನ್ನು ಊಟಕ್ಕೆ ಕರೆದ ಚಿಗರಿ ನೀನೊಬ್ಬಳೇ!”

“ನಗಬೇಡ. ಅಲ್ಲಿ ನಾವು ಹೆಚ್ಚಿ ಹುಲ್ಲು ಮುಗಿಯಿತು. ಇಲ್ಲಿ ನೀವು ಹೆಚ್ಚಿ ಮೊಲ ಮುಗಿಯಿತು. ಬಾ. ನನ್ನ ಮರಿಯನ್ನು ಮಾತ್ರ ಮುಟ್ಟುವುದಿಲ್ಲ ಎಂದು ಮಾತು ಕೊಡು.”

ತೋಳವ್ವ ತನ್ನ ಮರಿಯ ಕಡೆ ನೋಡಿದಳು. “ಕೊಡಲಾರೆ. ಸುಳ್ಳಾಡಿ ನಿನ್ನ ಜೊತೆ ಬರಲಾರೆ. ನಿನ್ನ ಮರಿಗೆ ಓಡಲು ಕಲಿಸು. ನನ್ನದಕ್ಕೆ ಅಟ್ಟಲು ಕಲಿಸುತ್ತೇನೆ.”

ಗೋದವ್ವ ಮನಸ್ಸಿನಲ್ಲೇ ತೂಗಿ ನೋಡಿದಳು. ಬತ್ತಿದ ಕೆಚ್ಚಲಿನೆದುರು ಓಡಿ ಗೆಲ್ಲಲಾಗದು. ತೋಳದೆದುರು ಓಡಿ ಗೆಲ್ಲಬಹುದು.

“ಬಾ,” ಎಂದಳು.

“ನೀನು ಮುಂದೆ ನಡೆ. ನಾನು ಒಂದು ಹೆಜ್ಜೆ ಹಿಂದೆ ಬರುತ್ತೇನೆ.”

ಗೋದವ್ವ ಮುಂದೆ ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂತಿರುಗಿದಳು. ತೀರ ಹತ್ತಿರ ಬಂದಳೇ ಎಂದೊಮ್ಮೆ, ಬರುತ್ತಿದ್ದಾಳೆಯೇ ಎಂದೊಮ್ಮೆ.

ತೋಳದ ವಾಸನೆ ತಗಲಿದ್ದೇ ತಡ, ನಿಂತಲ್ಲೇ ನಿಂತಿದ್ದ ಚಿಗರಿಗಳು ಬಯಲಿನ ನಾಲ್ಕೂ ದಿಕ್ಕಿಗೆ ಚದುರಿದವು. ಅಜ್ಜ ಮಾತ್ರ ಕದಲಲಿಲ್ಲ. “ಮರಿಯನ್ನು ಎಬ್ಬಿಸಿಕೊಂಡು ಹೋಗು, ಮಗಳೇ,” ಎಂದ. “ನನ್ನ ಕಾಲು ಓಟವನ್ನು ಮರೆತಿದೆ.”

ಆವರೆಗೆ ಏಳದಿದ್ದ ಮರಿ ಭಯಕ್ಕೆ ಎದ್ದಿತು. ಬಿದ್ದಿತು. ಮತ್ತೆ ಎದ್ದು ಓಡಿತು.

ಆ ದಿನ ತೋಳವ್ವನ ಮರಿ ಹೊಟ್ಟೆ ತುಂಬ ಉಂಡಿತು.

ಗೋದವ್ವ ಮರಿಯೊಡನೆ ಓಡಿ ತಲುಪಿದ್ದು ಬಯಲಿನ ಅಂಚಿನ ಕಲ್ಲುಗುಡ್ಡಕ್ಕೆ. ಅಟ್ಟುವವರಿಲ್ಲದೆ ಅಷ್ಟು ದೂರ ಯಾರೂ ಹೋಗಿರಲಿಲ್ಲ. ಅಲ್ಲಿ, ಬಂಡೆಗಳ ಸಂದಿಯಲ್ಲಿ, ಗರಿಕೆ ಹಸಿರಾಗಿತ್ತು. ಸಂಜೆಯ ಹೊತ್ತಿಗೆ ಹಾಲು ಇಳಿಯಿತು. ಮರಿ ಚಪ್ಪರಿಸಿ ಕುಡಿಯುವ ಸದ್ದು ಕೇಳಿ ಗಾಳಿಯೂ ಉಸಿರು ಬಿಟ್ಟಿತು.

ತುಳಿತ ತಪ್ಪಿದ ಬಯಲು ಗಾಳಿ ತಂದ ಬೀಜದಿಂದ ಚಿಗುರಿತು. ಚಿಗರಿಗಳು ಹೆಚ್ಚಿದವು, ಒಂದು ಹೆಜ್ಜೆ ಹಿಂದೆ ತೋಳಗಳೂ ಹೆಚ್ಚಿದವು. ತೋಳಗಳು ಅತಿಯಾಗಿ ಚಿಗರಿಗಳು ತಗ್ಗಿದವು. ಒಂದು ಹೆಜ್ಜೆ ಹಿಂದೆ ತೋಳಗಳೂ ತಗ್ಗಿದವು. ಹುಲ್ಲು ಮತ್ತೆ ಎದ್ದಿತು.

“ನಮ್ಮ ಕಥೆ ಮುಗಿಯಿತು!” ಎಂದು ಎಳೆಯರು ಗಾಬರಿಯಾದಾಗಲೆಲ್ಲ ಗೋದವ್ವ ಹೇಳುತ್ತಿದ್ದಳು: “ತಾಳಿ. ತೋಳವ್ವ ಒಂದು ಹೆಜ್ಜೆ ಹಿಂದಿದ್ದಾಳೆ, ಅಷ್ಟೆ.”

ಇಂದಿಗೂ ಬಯಲಿನಲ್ಲಿ ಚಿಗರಿ ಜಿಗಿದು ಓಡುತ್ತ ಓಡುತ್ತ ಥಟ್ಟನೆ ನಿಂತು, ಕತ್ತು ಹೊರಳಿಸಿ ನೋಡುವುದನ್ನು ಕಂಡರೆ, ಬರಿಯ ಭಯವೆಂದು ತಿಳಿಯಬೇಡ, ಮಗು; ತೋಳವ್ವ ಹಿಂದೆ ಬರುತ್ತಿದ್ದಾಳೆಯೇ ಎಂದು ನೋಡಿ, ಇದ್ದಾಳೆ ಎಂದು ಸಮಾಧಾನಗೊಂಡು, ಅದು ಮತ್ತೆ ಓಡುತ್ತದೆ.